ತಾಳೆ ನೋಡುವ ಸುಖ

ಯಾದಗಿರಿ ಜಿಲ್ಲೆಯಲ್ಲಿ ಸುದ್ದಿಗೆ ಬರವಿಲ್ಲ. ಕೃಷ್ಣೆ ಉಕ್ಕಿದರೆ ಸುದ್ದಿ, ಭೀಮೆ ಬತ್ತಿದರೆ ಸುದ್ದಿ, ತೊಗರಿ ಒಣಗಿದರೆ, ಹತ್ತಿಯ ದರ ಬಿದ್ದರೆ ಸುದ್ದಿ. ಅವು ತಾವಾಗಿಯೇ ಮನೆ ಬಾಗಿಲಿಗೆ ಬರುತ್ತವೆ. ನನಗೆ ಹುಚ್ಚು ಹಿಡಿಸಿದ್ದು ಬೇರೆ ಬಗೆಯವು: ಸರ್ಕಾರ ತಾನೇ ಬರೆದು, ಸಹಿ ಹಾಕಿ, ಮೊಹರು ಒತ್ತಿ, ಕಪಾಟಿನಲ್ಲಿಟ್ಟು ಮರೆತ ಸುದ್ದಿಗಳು. ಹಾಜರಿ ಪಟ್ಟಿ, ಅಳತೆ ಪುಸ್ತಕ, ದಾಸ್ತಾನು ವಹಿ, ಸಭೆಯ ನಡಾವಳಿ, ಪಹಣಿ, ನೀರಿನ ಪರೀಕ್ಷಾ ವರದಿ. ಯಾದಗಿರಿ, ಶಹಾಪುರ, ಸುರಪುರದ ಕಚೇರಿಗಳಲ್ಲಿ ಇವನ್ನು ಓದುತ್ತ ಕೂತರೆ ಊಟದ ಹೊತ್ತು ಮೀರಿದ್ದೂ ನನಗೆ ತಿಳಿಯುವುದಿಲ್ಲ.

ಒಂದೇ ಕಾಗದ ಓದಿದರೆ ಏನೂ ಸಿಗುವುದಿಲ್ಲ. ಪ್ರತಿ ಕಾಗದವೂ ತನ್ನಷ್ಟಕ್ಕೆ ಸರಿಯಾಗಿಯೇ ಇರುತ್ತದೆ. ಕೂಡಿದ ಮೊತ್ತ ತಪ್ಪಿರುವುದಿಲ್ಲ, ಸಹಿ ಇರಬೇಕಾದ ಜಾಗದಲ್ಲೇ ಇರುತ್ತದೆ. ಪಕ್ಕಕ್ಕೆ ಇನ್ನೊಂದನ್ನು ಇಟ್ಟು ತಾಳೆ ನೋಡಿದಾಗ ಅದು ಬಾಯಿ ಬಿಡುತ್ತದೆ. ಆ ಇನ್ನೊಂದು ಸರ್ಕಾರಿ ಕಾಗದವೇ ಆಗಬೇಕೆಂದಿಲ್ಲ. ಉದ್ಯೋಗ ಖಾತ್ರಿಯ ಎನ್‌ಎಂಆರ್, ಅಂದರೆ ಕೂಲಿಕಾರರ ಹಾಜರಿ ಪಟ್ಟಿ, ಕೈಗೆ ಬಂದರೆ ನಾನು ಮೊದಲು ತೆರೆಯುವುದು ಗೋಡೆಯ ಕ್ಯಾಲೆಂಡರ್. ಸಂಕ್ರಾಂತಿಗೆ ಮೈಲಾಪುರದಲ್ಲಿ ಮೈಲಾರಲಿಂಗೇಶ್ವರನ ಜಾತ್ರೆ. ಅಂದು ಸುತ್ತಲಿನ ಹಳ್ಳಿಗಳೆಲ್ಲ ಭಂಡಾರ ಹಚ್ಚಿಕೊಂಡು ಅತ್ತ ಹೊರಟಿರುತ್ತವೆ. ಆ ದಿನ ಕೆರೆ ಹೂಳೆತ್ತುವ ಕೆಲಸಕ್ಕೆ ಒಬ್ಬರೂ ತಪ್ಪದೆ ಹಾಜರಿದ್ದರೆಂದು ಬರೆದಿದ್ದರೆ ಅಲ್ಲಿ ಬೆರಳು ನಿಲ್ಲುತ್ತದೆ. ಒಮ್ಮೆ ಅಂಥದೊಂದು ಪಟ್ಟಿಯನ್ನು ಊರ ಕಟ್ಟೆಯ ಮೇಲೆ ಓದಿ ಹೇಳಿದಾಗ ಹಿರಿಯರೊಬ್ಬರು ಕೇಳಿದ್ದು ಇಷ್ಟೇ: “ಜಾತ್ರಿ ದಿನ ಯಾರರೆ ಗುದ್ದಲಿ ಹಿಡಿತಾರೇನ್ರಿ ಸರ?”

ಇನ್ನೊಂದು ಜೋಡಿ ನನಗೆ ಅದಕ್ಕಿಂತ ಹತ್ತಿರದ್ದು. ಸುಗ್ಗಿ ಮುಗಿದ ಮೇಲೆ ನಮ್ಮ ತಾಂಡಾಗಳಿಂದ, ಕೇರಿಗಳಿಂದ ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮನೆಗಳ ಮಕ್ಕಳ ಹೆಸರಿನ ಮುಂದೆ ಗೈರಿನ ಗುರುತು ಸಾಲಾಗಿ ಬೀಳುತ್ತ ಹೋಗುತ್ತದೆ. ಅದೇ ವಾರಗಳಲ್ಲಿ ಅದೇ ಊರಿನ ಎನ್‌ಎಂಆರ್ ಮಾತ್ರ ತುಂಬಿ ತುಳುಕುತ್ತಿದ್ದರೆ, ಒಂದರಲ್ಲಿ ಖಾಲಿಯಾದ ಊರು ಇನ್ನೊಂದರಲ್ಲಿ ಹೇಗೆ ತುಂಬಿತು? ಇಲ್ಲಿ ಬಹಳ ಎಚ್ಚರ ಬೇಕು. ಒಂದೊಂದು ಊರಿನಲ್ಲಿ ಎಷ್ಟು ಮಂದಿ ಮಲ್ಲಮ್ಮಂದಿರು, ಎಷ್ಟು ಮಂದಿ ಭೀಮಪ್ಪಂದಿರು! ತಂದೆಯ ಹೆಸರು, ಜಾಬ್ ಕಾರ್ಡ್ ನಂಬರು ಎರಡೂ ಕೂಡಿದ ಮೇಲೇ ಮುಂದಿನ ಹೆಜ್ಜೆ. ಪಟ್ಟಿಯಲ್ಲಿರುವ ಕೂಲಿಕಾರರ ಹೆಸರನ್ನು ನಾನು ಎಂದೂ ಅಚ್ಚಿಗೆ ಕೊಡುವುದಿಲ್ಲ. ತಮ್ಮ ಹೆಸರಲ್ಲಿ ಹಣ ಎತ್ತಿದ್ದು ಎಷ್ಟೋ ಸಲ ಅವರಿಗೇ ಗೊತ್ತಿರುವುದಿಲ್ಲ.

ಈ ಹಾಜರಿಗೆ ಈಗ ಫೋಟೊ ಬಂದಿದೆ. 2023ರ ಜನವರಿಯಿಂದ ಕೆಲಸದ ಜಾಗದಲ್ಲಿ ದಿನಕ್ಕೆರಡು ಸಲ ಕೂಲಿಕಾರರ ಚಿತ್ರ ತೆಗೆದು ಎನ್‌ಎಂಎಂಎಸ್ ಆ್ಯಪ್‌ಗೆ ಹಾಕುವುದು ಕಡ್ಡಾಯವಾಯಿತು. ಆ ಚಿತ್ರಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು. 2025ರ ಏಪ್ರಿಲ್‌ನಲ್ಲಿ ಯಾದಗಿರಿ ತಾಲ್ಲೂಕಿನ ಮಲ್ಹಾರದ ಹೆಸರು ದೇಶದ ತುಂಬ ಕೇಳಿಬಂದದ್ದು ಇಂಥ ಚಿತ್ರದಿಂದಲೇ. ಹೆಂಗಸರ ಹೆಸರಿನ ಹಾಜರಿಗೆ ಗಂಡಸರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ನಿಂತಿದ್ದರು. ಜನ ನಕ್ಕರು. ನನಗೆ ನಗು ಬರಲಿಲ್ಲ. ಆ ಸೀರೆಯ ಹಿಂದೆ ನಿಜವಾಗಿ ಕೆಲಸ ಬೇಕಿದ್ದ ಹೆಣ್ಣುಮಕ್ಕಳ ಕೂಲಿ ಇತ್ತು. ಚಿತ್ರ ಸರ್ಕಾರದ ಕಣ್ಣೆದುರಿಗೇ ಇತ್ತು. ಅದನ್ನು ನಿಂತು ನೋಡುವವರು ಬೇಕಾಗಿತ್ತು.

ನನ್ನ ಅತಿ ಪ್ರೀತಿಯ ಪುಸ್ತಕವೆಂದರೆ ಎಂ.ಬಿ., ಅಂದರೆ ಅಳತೆ ಪುಸ್ತಕ. ಜೂನಿಯರ್ ಎಂಜಿನಿಯರ್ ಕೆಲಸದ ಜಾಗಕ್ಕೆ ಹೋಗಿ ಉದ್ದ, ಅಗಲ, ಆಳ ಅಳೆದು ಬರೆಯಬೇಕು, ಮೇಲಿನ ಎಂಜಿನಿಯರ್ ಮತ್ತೆ ತಾಳೆ ನೋಡಿ ಸಹಿ ಹಾಕಬೇಕು, ಅದರ ಮೇಲೆ ಬಿಲ್ಲು. ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಸಿಸಿ ರಸ್ತೆ ಎಂ.ಬಿ.ಯಲ್ಲಿ 120 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪ ಇತ್ತು. ಲೆಕ್ಕ ಹಾಕಿದರೆ 54 ಘನ ಮೀಟರ್ ಕಾಂಕ್ರೀಟ್. ಟೇಪ್ ಹಿಡಿದು ಹೊರಟೆ. ಇನ್ನೊಂದು ತುದಿಯನ್ನು ಬೀಡಿ ಅಂಗಡಿಯ ಅಜ್ಜಿ ಹಿಡಿದುಕೊಂಡಳು. ಉದ್ದ ಸರಿ, ಅಗಲ ಸರಿ. ದಪ್ಪ ನೋಡುವುದು ಹೇಗೆ? ಅದಕ್ಕೆ ದಾರಿ ಮಾಡಿಕೊಟ್ಟಿದ್ದು ನಳ. ಮನೆ ಮನೆಗೆ ಪೈಪ್ ಹಾಕಲು ರಸ್ತೆಯನ್ನು ಅಡ್ಡ ಸೀಳಿದ್ದರು. ಒಡೆದ ಕಡೆ ಕಾಂಕ್ರೀಟಿನ ಮೈ ಬಿಚ್ಚಿಕೊಂಡಿತ್ತು. ಅಂಚು ಸವೆದಿರಬಹುದು ಎಂದು ನಡುಭಾಗದಲ್ಲಿ, ಬೇರೆ ಬೇರೆ ಸೀಳುಗಳಲ್ಲಿ ಸ್ಕೇಲ್ ಇಟ್ಟೆ. ಎಲ್ಲೂ 9 ಸೆಂಟಿಮೀಟರ್ ದಾಟಲಿಲ್ಲ. ಬಿಲ್ಲು ಎತ್ತಿದ 54 ಘನ ಮೀಟರಿನಲ್ಲಿ 21 ಘನ ಮೀಟರಿಗೂ ಹೆಚ್ಚು ಆ ನೆಲದಲ್ಲಿ ಇರಲೇ ಇಲ್ಲ. ಅಜ್ಜಿ ಬಗ್ಗಿ ಸ್ಕೇಲ್ ನೋಡಿ, “ಹಂಗಾರ ಉಳದಿದ್ದು ಎಲ್ಲಿ ಹೋತೋ ಯಪ್ಪಾ?” ಅಂದಳು. ಮರುದಿನದ ವರದಿಗೆ ಅದಕ್ಕಿಂತ ಒಳ್ಳೆಯ ತಲೆಬರಹ ನನಗೆ ಹೊಳೆಯಲಿಲ್ಲ.

ದಾಸ್ತಾನು ವಹಿಯ ಮಹತ್ವ ಅರಿಯಲು ಶಹಾಪುರ ಸಾಕು. 2023ರ ನವೆಂಬರ್‌ನಲ್ಲಿ ಅಲ್ಲಿನ ಗೋದಾಮಿನಲ್ಲಿ ಆರು ಸಾವಿರ ಕ್ವಿಂಟಲ್‌ಗೂ ಹೆಚ್ಚು ಪಡಿತರ ಅಕ್ಕಿ ಇಲ್ಲವೆಂಬುದು ಬಯಲಾಯಿತು. ಬೆಲೆ ಎರಡು ಕೋಟಿ ರೂಪಾಯಿಯ ಮೇಲೆ. ಬರಗಾಲದ ವರ್ಷವದು. ಇಷ್ಟು ಅಕ್ಕಿ ಒಂದು ರಾತ್ರಿಯಲ್ಲಿ ಹೊರಟು ಹೋಗಲಾರದು. ಲಾರಿ ಬೇಕು, ಹಮಾಲರು ಬೇಕು, ತೂಕದ ಚೀಟಿ ಬೇಕು. ಹಾಗಾಗಿ ಇಂಥ ಕಡೆ ನಾನು ಹುಡುಕುವುದು ಲಾರಿ ನಂಬರು, ಗೇಟ್ ಪಾಸ್, ನ್ಯಾಯಬೆಲೆ ಅಂಗಡಿಯಲ್ಲಿ ಮಾಲು ಮುಟ್ಟಿತೆಂದು ಹಾಕಿದ ಸಹಿಯ ತಾರೀಖು.

ಈ ಕಾಗದಗಳೆಲ್ಲ ಕೈಗೆ ಸಿಗುತ್ತಿರುವುದರ ಋಣ ಇರುವುದು ಕೂಲಿಕಾರರಿಗೇ. 1994ರಲ್ಲಿ ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಜನಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿ, ಹಾಜರಿ ಪಟ್ಟಿಗಳನ್ನು ಬಯಲಲ್ಲಿ ಗಟ್ಟಿಯಾಗಿ ಓದಿಸಿತು. ಆ ದನಿಯೇ ಮುಂದೆ 2005ರ ಮಾಹಿತಿ ಹಕ್ಕು ಕಾಯ್ದೆಯಾಯಿತು. ಕರ್ನಾಟಕ ಅದಕ್ಕೂ ಮೊದಲು, 2000ದಲ್ಲೇ, ತನ್ನದೊಂದು ಕಾಯ್ದೆ ಮಾಡಿಕೊಂಡಿತ್ತು.

ಅರ್ಜಿ ಬರೆಯುವುದೇ ಒಂದು ಕುಸುರಿ ಕೆಲಸ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಪದ ಮಿತಿಯನ್ನು ಹಲವರು ಬೈಯುತ್ತಾರೆ. ನನಗೆ ಅದು ಒಳ್ಳೆಯ ಗುರು. “ಯಾಕೆ ಹೀಗಾಯಿತು” ಎಂದು ಕೇಳಿದರೆ “ಕಾರಣ ಹೇಳುವುದು ನಮ್ಮ ಕೆಲಸವಲ್ಲ” ಎಂಬ ಉತ್ತರ ಬರುತ್ತದೆ. ಇಂಥ ಕಾಮಗಾರಿಯ ಎಂ.ಬಿ.ಯ ಇಂಥ ಪುಟದಿಂದ ಇಂಥ ಪುಟದವರೆಗಿನ ದೃಢೀಕೃತ ಪ್ರತಿ ಎಂದು ಬರೆದರೆ ಜಾರಿಕೊಳ್ಳಲು ಜಾಗವಿಲ್ಲ. ನಾನಂತೂ ಪ್ರತಿಗಿಂತ ಕಡತ ಪರಿಶೀಲನೆಗೇ ಅರ್ಜಿ ಹಾಕುತ್ತೇನೆ. ಮೂಲ ಕಡತದಲ್ಲಿ ಅಳಿಸಿ ಬರೆದದ್ದು ಕಾಣುತ್ತದೆ, ಟಿಪ್ಪಣಿ ಹಾಳೆಯ ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಪ್ರಾಮಾಣಿಕ ಗುಮಾಸ್ತನೊಬ್ಬ ಎಂದೋ ಎತ್ತಿದ ತಕರಾರು ಅಲ್ಲೇ ಉಸಿರಾಡುತ್ತಿರುತ್ತದೆ. ಅದನ್ನು ಕಂಡಾಗಲೆಲ್ಲ ಮುಖ ನೋಡದ ಆ ಗುಮಾಸ್ತನ ಮೇಲೆ ನನಗೆ ಅಕ್ಕರೆ ಉಕ್ಕುತ್ತದೆ.

ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿದೆ. ಹೆಸರಿರುವ ಕಾಗದವೆಲ್ಲ ವೈಯಕ್ತಿಕ ಎಂದುಬಿಟ್ಟರೆ ಹಾಜರಿ ಪಟ್ಟಿಯಲ್ಲಿ ಉಳಿಯುವುದೇನು? ಈ ತಿದ್ದುಪಡಿ ನನ್ನ ನಿದ್ದೆಗೆಡಿಸಿದೆ.

ಸುರಪುರಕ್ಕೆ ಹೋದರೆ ಕಾಗದದ ವಯಸ್ಸೇ ಬೇರೆ. ನಿಜಾಮರ ಕಾಲದ ಕಂದಾಯ ದಾಖಲೆ ಉರ್ದುವಿನಲ್ಲಿದೆ, ವರ್ಷ ಫಸಲಿಯಲ್ಲಿದೆ. 590 ಕೂಡಿದರೆ ನಮ್ಮ ಇಸವಿ: 1348 ಫಸಲಿ ಎಂದರೆ 1938-39. ಉರ್ದು ಓದಬಲ್ಲ ಹಿರಿಯರ ಪಕ್ಕ ಕೂತು, ಅವರು ಸರ್ವೆ ನಂಬರು ಹೇಳುತ್ತ ಹೋದಂತೆ ಇಂದಿನ ಭೂಮಿ ತಂತ್ರಾಂಶದ ಪಹಣಿಯ ಮೇಲೆ ಗುರುತು ಹಾಕುವುದು ನನ್ನ ಪರಮ ಸುಖಗಳಲ್ಲೊಂದು. ಹಳೆಯದರಲ್ಲಿ ಕೆರೆ, ಗೋಮಾಳ ಎಂದಿದ್ದ ನೆಲ ಹೊಸದರಲ್ಲಿ ಯಾರದೋ ಪಟ್ಟಾ ಆಗಿದ್ದರೆ ನಡುವಿನ ಮ್ಯುಟೇಶನ್ ಹುಡುಕುತ್ತ ಹಿಂದಕ್ಕೆ ನಡೆಯಬೇಕು.

ಎಲ್ಲ ದಾಖಲೆಯೂ ಹಣದ್ದಲ್ಲ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಇದೆಯೆಂಬುದು ಪರೀಕ್ಷೆಗಳಿಂದ ಖಚಿತವಾಯಿತು. ಹತ್ತಿರದಲ್ಲೇ ಮಂಗಳೂರು ಎಂಬ ಊರಿನ ಮುಚ್ಚಿದ ಚಿನ್ನದ ಗಣಿ. ಜನರ ಅಂಗೈ, ಅಂಗಾಲು ಗಂಟು ಕಟ್ಟಿದ್ದು ಕಣ್ಣಿಗೆ ಕಾಣುತ್ತಿತ್ತು. ಅದರ ಕಾರಣ ಪ್ರಯೋಗಾಲಯದ ಒಂದು ಅಂಕಿಯಲ್ಲಿತ್ತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ನಮ್ಮ ದೇಶದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದಿನಿಂದ ಯಾವ ಪಂಚಾಯಿತಿಗೆ ಹೋದರೂ ನೀರಿನ ಪರೀಕ್ಷಾ ವರದಿ ಕೇಳದೆ ನಾನು ಏಳುವುದಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಗ್ರಾಮ ಪಂಚಾಯಿತಿಗಳಲ್ಲಿ ಜಮಾಬಂದಿ. ವರ್ಷದ ಲೆಕ್ಕಪತ್ರವನ್ನೆಲ್ಲ ಜನರೆದುರು ಇಟ್ಟು, ಕಾಮಗಾರಿ ನಡೆದ ಜಾಗಕ್ಕೆ ಎಲ್ಲರೂ ಹೋಗಿ ನೋಡಬೇಕೆಂಬುದು ನಿಯಮ. ಅರ್ಜಿ ಬೇಡ, ಪೋಸ್ಟಲ್ ಆರ್ಡರ್ ಬೇಡ. ಕುರ್ಚಿಗಳು ಹೆಚ್ಚಾಗಿ ಖಾಲಿ ಇರುತ್ತವೆ. ಈ ಸಲ ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಭಾಗದ ರೈತರು ಕೆಲವರು ಬರುತ್ತೇವೆಂದಿದ್ದಾರೆ. ವಿತರಣಾ ಕಾಲುವೆಯ ಗೇಜ್ ರಿಜಿಸ್ಟರ್ ನೋಡಬೇಕೆಂದು ಭೀಮರಾಯನಗುಡಿಯ ನೀರಾವರಿ ಕಚೇರಿಗೆ ಅರ್ಜಿಯನ್ನೂ ಬರೆದಿದ್ದೇವೆ. ಯಾವ ದಿನ ನೀರು ಬಂತು, ಯಾವ ದಿನ ಬರಲಿಲ್ಲ ಎಂದು ಅವರಲ್ಲೊಬ್ಬ ಹುಡುಗ ಬೀಜದ ಅಂಗಡಿಯವರು ಕೊಟ್ಟ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಎರಡನ್ನೂ ಪಕ್ಕಪಕ್ಕ ಇಡುವುದೊಂದು ಬಾಕಿ ಇದೆ.