ಇರಬಹುದು

ಇಪ್ಪತ್ತಾರು ವರ್ಷ ಕನ್ನಡ ಪಾಠ ಹೇಳಿದವನು ನಾನು. ಪ್ರಶ್ನಾರ್ಥಕ ಚಿಹ್ನೆ ವಾಕ್ಯದ ಕೊನೆಗೆ ಬರಬೇಕೆಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ ಲೆಕ್ಕವಿಲ್ಲ. ಆ ಚಿಹ್ನೆ ನನ್ನ ಎಕೋ ರಿಪೋರ್ಟಿನಲ್ಲಿ ಮೊದಲಿಗೇ ಬಂದು ಕೂತಿತ್ತು. ಅದರ ಬೆನ್ನಿಗೆ ಪಿ.ಎಫ್.ಒ. ಎಂಬ ಮೂರಕ್ಷರ.

ಡಾಕ್ಟರ ಬಳಿ ಹೋಗಿದ್ದು ಅದಕ್ಕಲ್ಲ. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ಎದೆ ಕತ್ತಲಲ್ಲಿ ಮೆಟ್ಟಿಲು ತಪ್ಪಿದಂತೆ ಒಮ್ಮೆ ಜೋಲಿ ಹೊಡೆಯುತ್ತಿತ್ತು, ಅಷ್ಟೆ. ಇಸಿಜಿ ಸರಿಯಿತ್ತು. ಎಕೋದಲ್ಲಿ ಮಾತ್ರ ಮೇಲಿನ ಎರಡು ಕೋಣೆಗಳ ನಡುಗೋಡೆಯ ಹತ್ತಿರ ತೆಳುವಾದ ಕೆಂಪು ಗೆರೆಯೊಂದು ಸುಳಿದು ಮಾಯವಾಯಿತಂತೆ. "ಪಿ.ಎಫ್.ಒ. ಅಂದರೆ ಆ ಗೋಡೆಯಲ್ಲೊಂದು ಸಣ್ಣ ಸಂದು. ಇರಬಹುದು, ಇಲ್ಲದೆಯೂ ಇರಬಹುದು" ಎಂದರು ಡಾಕ್ಟರು. ತಣ್ಣನೆಯ ಜೆಲ್ ಒರೆಸಿಕೊಳ್ಳುತ್ತಾ ನನಗೆ ಎಲ್ಲೋ ಓದಿದ್ದು ನೆನಪಾಯಿತು. 1953ರಲ್ಲಿ ಸ್ವೀಡನ್ನಿನ ಎಡ್ಲರ್, ಹರ್ಟ್ಸ್ ಎಂಬಿಬ್ಬರು ಹಡಗುಕಟ್ಟೆಯಲ್ಲಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಹೃದಯ ನೋಡಿದ್ದರು. ಬಿರುಕು ಹುಡುಕಲೆಂದೇ ಹುಟ್ಟಿದ ಯಂತ್ರಕ್ಕೆ ಬಿರುಕು ಕಾಣದಿದ್ದೀತೆ?

ಹೆಂಡತಿಗೆ "ಸಂದು" ಎಂದೇ ಹೇಳಿದ್ದೆ. ಸಂಜೆಯೊಳಗೆ ಅದು "ತೂತು" ಆಗಿ ದಾವಣಗೆರೆ ಮುಟ್ಟಿತ್ತು. "ಭಾವ, ಹಾರ್ಟಲ್ಲಿ ತೂತಂತೆ?" ಎಂದು ಭಾವಮೈದುನ ಫೋನು ಮಾಡಿದ. ಅವನ ಪ್ರಶ್ನಾರ್ಥಕ ಚಿಹ್ನೆಯಾದರೂ ಸರಿಯಾದ ಜಾಗದಲ್ಲಿತ್ತು.

ಅಸಲಿಗೆ ಈ ಸಂದು ಹೊಟ್ಟೆಯೊಳಗಿನ ಕೂಸುಗಳಿಗೆಲ್ಲ ಇರುತ್ತದೆ. ಅಲ್ಲಿ ಪುಪ್ಪುಸಕ್ಕೆ ಕೆಲಸವಿಲ್ಲ, ತಾಯಿಯ ರಕ್ತದಿಂದಲೇ ಉಸಿರು. ಹಾಗಾಗಿ ರಕ್ತದ ಬಹುಪಾಲು ಪುಪ್ಪುಸದ ದಾರಿ ಬಿಟ್ಟು ಒಳದಾರಿ ಹಿಡಿಯುತ್ತದೆ. ಹುಟ್ಟಿ ಮೊದಲ ಉಸಿರೆಳೆದಾಗ ಎಡಗಡೆ ಒತ್ತಡ ಏರಿ, ಆ ಸಂದಿನ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಮುಂದೆ ಹೆಚ್ಚಿನವರಲ್ಲಿ ಅದು ಗೋಡೆಗೆ ಬೆಸೆದು ಹೋಗುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಚಿಲಕ ಬೀಳುವುದಿಲ್ಲ. ಬಹುಪಾಲು ಮಂದಿ ಅದು ಗೊತ್ತೇ ಇಲ್ಲದೆ ಬಾಳಿ ಮುಗಿಸುತ್ತಾರೆ.

ಇದನ್ನು ಅಮ್ಮನಿಗೆ ಬಿಡಿಸಿ ಹೇಳಿದ್ದೇ ತಪ್ಪಾಯಿತು. "ಹೌದು ಮತ್ತೆ! ನೀನು ಹುಟ್ಟಿದಾಗ ಅಳಲೇ ಇಲ್ಲ. ಸೂಲಗಿತ್ತಿ ತಲೆಕೆಳಗು ಹಿಡಿದು ಬೆನ್ನಿಗೆರಡು ಕೊಟ್ಟ ಮೇಲೆ ಕುಂಯ್ ಅಂದೆ. ಇನ್ನೊಂದೇಟು ಹಾಕು ಅಂತ ನಾನು ಆಗಲೇ ಅಂದಿದ್ದೆ" ಎಂದಳು. ಎರಡಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಅಮ್ಮ ಒಪ್ಪಿಲ್ಲ.

ಆಮೇಲೆ ಹೋಲ್ಟರ್. ಎದೆಗೆ ವೈರು ಅಂಟಿಸಿಕೊಂಡು 24 ಗಂಟೆ ತಿರುಗಬೇಕು, ಸ್ನಾನವಿಲ್ಲ, ಯಾವ ಹೊತ್ತಿಗೆ ಏನು ಮಾಡಿದೆ ಎಂದು ಬರೆದಿಡಬೇಕು. ನನ್ನ ಚೀಟಿಯಲ್ಲಿ "ರಾತ್ರಿ 8.40, ಕರೆಂಟ್ ಬಿಲ್ಲಿನ ಬಗ್ಗೆ ಮಾತುಕತೆ" ಎಂದಿದೆ. ಆ ಹೊತ್ತಿನಲ್ಲೇ ಬಡಿತ ಏರಿದೆಯೆಂದು ತಂತ್ರಜ್ಞೆ ನಕ್ಕರು. ಅಲ್ಲಲ್ಲಿ ಬೇಗ ಬಂದ ಕೆಲವು ಬಡಿತಗಳಿದ್ದವು, ಅವು ನಿರುಪದ್ರವಿ. ಆಮೇಲೆ ಓಡುವ ಪಟ್ಟಿಯ ಮೇಲೆ ನಡೆಸುವ ಟಿಎಂಟಿ; ಮೂರು ನಿಮಿಷಕ್ಕೊಮ್ಮೆ ಪಟ್ಟಿಯ ವೇಗವೂ ಏರುವೂ ಹೆಚ್ಚುತ್ತಿತ್ತು. ಒಂಬತ್ತು ನಿಮಿಷ ದಾಟಿಸಿದೆ. ಅದನ್ನು ಬಂದವರಿಗೆಲ್ಲ ಹೇಳುತ್ತೇನೆ.

ಗುಳ್ಳೆ ಪರೀಕ್ಷೆಯದೇ ತಮಾಷೆ. ಎರಡು ಸಿರಿಂಜುಗಳ ನಡುವೆ ಸಲೈನ್ ಅತ್ತಿತ್ತ ರಭಸದಿಂದ ತಳ್ಳಿ, ಸಣ್ಣ ಗುಳ್ಳೆಯೆಬ್ಬಿಸಿ ಕೈಯ ರಕ್ತನಾಳಕ್ಕೆ ಬಿಡುತ್ತಾರೆ. ಗುಳ್ಳೆಗಳು ಬಲಗಡೆಗೆ ಬಂದು ಪುಪ್ಪುಸದಲ್ಲೇ ಅಡಗಬೇಕು. ಮೂರು ಬಡಿತದೊಳಗೆ ಎಡಗಡೆ ಕಂಡರೆ ಸಂದು ಉಂಟು. "ಉಸಿರು ಕಟ್ಟಿ ಮುಕ್ಕಿರಿ… ಈಗ ಬಿಡಿ" ಎಂದರು. ಅಷ್ಟು ಜನರ ಮುಂದೆ ಮುಕ್ಕುವುದು ಸುಲಭವಲ್ಲ. ಪರದೆಯ ಬಲಕೋಣೆಯಲ್ಲಿ ಮಂಡಕ್ಕಿ ಸುರಿದಂತೆ ಬಿಳಿ ತುಂಬಿತು. ಎಡಗಡೆಯ ಕಪ್ಪಿನಲ್ಲಿ ಎರಡೋ ಮೂರೋ ಚುಕ್ಕಿ ಮಿನುಗಿದವು. ಎಷ್ಟನೇ ಬಡಿತಕ್ಕೆ ಎಂದು ಎಣಿಸುವಷ್ಟರಲ್ಲಿ ನಾನು ಉಸಿರೆಳೆದು ಚಿತ್ರ ಅಲುಗಿತು. ಖಚಿತವಾಗಬೇಕೆಂದರೆ ಗಂಟಲಿನಿಂದ ಕೊಳವೆ ಇಳಿಸಿ ನೋಡಬೇಕು. "ನಿಮಗೆ ಪಾರ್ಶ್ವವಾಯು ಗೀರ್ಶ್ವವಾಯು ಏನೂ ಆಗಿಲ್ಲ, ಸದ್ಯಕ್ಕೆ ಬೇಡ. ಮಾತ್ರೆಯೂ ಬೇಡ" ಎಂದರು. ಕೊಳವೆ ತಪ್ಪಿದ್ದಕ್ಕೆ ಆದ ಸಂತೋಷ ಗುಂಡಿಗೆ ಗಟ್ಟಿ ಎಂದಿದ್ದರೂ ಆಗುತ್ತಿರಲಿಲ್ಲ.

ಈಗಲೂ ಕೆಲವು ರಾತ್ರಿ ಎಡಮಗ್ಗುಲಲ್ಲಿ ಕಿವಿಗೊಟ್ಟು ಮಲಗುತ್ತೇನೆ. ಬಡಿತ ಎಣಿಸುತ್ತಾ ನೂರರ ಆಚೆ ಹೋಗಿದ್ದು ಕಡಿಮೆ.

ರಿಪೋರ್ಟು ಬೀರುವಿನಲ್ಲಿ ಎಲ್‌ಐಸಿ ಬಾಂಡುಗಳ ಮೇಲಿದೆ. ಮುಂದಿಟ್ಟ ಪ್ರಶ್ನಾರ್ಥಕ ಚಿಹ್ನೆಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಕೊನೆಗೆ ಬಾಣ ಎಳೆದಿದ್ದೇನೆ. ಹಳೆಯ ಚಾಳಿ.