ಗದ್ಯಾಣದ ತೂಕ

ಮುಂಬಯಿಯ ಫೋರ್ಟ್ ವಿಭಾಗದಲ್ಲಿ, ಸರ್ ಫಿರೋಜ್‌ಷಾ ಮೆಹ್ತಾ ರಸ್ತೆಯಲ್ಲಿ, ಭಾರತೀಯ ರಿಸರ್ವ್ ಬ್ಯಾಂಕಿನ ನಾಣ್ಯ-ನೋಟುಗಳ ವಸ್ತುಸಂಗ್ರಹಾಲಯವಿದೆ. ಇದು 2004ರಲ್ಲಿ ಆರಂಭವಾಯಿತು. ಕನ್ನಡ ವಿದ್ಯಾರ್ಥಿಗಳು ಅದರ ಒಳಹೊಕ್ಕುವುದು ವಿರಳ; ಅದು ವಾಣಿಜ್ಯದವರ ಜಾಗವೆಂಬ ಭಾವನೆ.

ಶಾಸನಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮಳೆಗಾಲದ ಒಂದು ಮಧ್ಯಾಹ್ನ, ಮಳೆ ನಿಲ್ಲಲೆಂದಷ್ಟೇ, ಅಲ್ಲಿಗೆ ಹೋದಳು. ಗದ್ಯಾಣ, ಹಣ, ಹಾಗ, ವೀಸ ಎಂಬ ಮಾತುಗಳಿಗೆಲ್ಲ ಆಕೆ ತನ್ನ ಟಿಪ್ಪಣಿಗಳಲ್ಲಿ 'ಒಂದು ಬಗೆಯ ನಾಣ್ಯ' ಎಂದೇ ಅರ್ಥ ಬರೆದುಕೊಂಡಿದ್ದಳು. ಹೊಯ್ಸಳ ವಿಷ್ಣುವರ್ಧನನ ನಾಣ್ಯಗಳ ಮೇಲೆ 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಬರಹವಿದೆಯೆಂಬುದನ್ನು ಬಲ್ಲಳು, ಪರೀಕ್ಷೆಯಲ್ಲೂ ಬರೆದವಳು. ಆದರೆ ಅವುಗಳ ಗಾತ್ರವೆಷ್ಟೆಂದು ಯಾರೂ ಕೇಳಿರಲಿಲ್ಲ.

ಗಾಜಿನ ಹಿಂದಿದ್ದ ವಿಜಯನಗರ ಕಾಲದ ವರಾಹ ಆಕೆಯ ಕಿರುಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಿರಲಿಲ್ಲ. ತೂಕ ಸುಮಾರು 3.4 ಗ್ರಾಂ. ಅದರ ಹತ್ತನೆಯ ಒಂದು ಪಾಲು ಹಣ, ಉಸಿರು ತಾಗಿದರೆ ಹಾರಿಹೋಗುವುದೇನೋ ಎಂಬಷ್ಟು ಚಿಕ್ಕ ಚಿನ್ನದ ಬಿಲ್ಲೆ. ಇಂದು ಎಲ್ಲ ಸಂಪತ್ತಿಗೂ ಹೆಸರಾಗಿರುವ ಪದ ಒಂದು ಕಾಲಕ್ಕೆ ಇಷ್ಟೇ ಇದ್ದಿತು! ಕಾಸು, ದುಡ್ಡುಗಳ ಕಥೆಯೂ ಇದೇ. ಗದ್ಯಾಣವೊಂದು ಮಾತ್ರ ಆಡುಮಾತಿನಿಂದ ಜಾರಿ ಶಾಸನಗಳಲ್ಲಿ ಉಳಿಯಿತು.

ಆಕೆ ಅಲ್ಲಿಯೇ ನಿಂತು ಲೆಕ್ಕ ಹಾಕತೊಡಗಿದಳು. ಹಾಗವೆಂದರೆ ಹಣದ ಕಾಲು ಭಾಗ, ವೀಸವೆಂದರೆ ಹದಿನಾರನೆಯ ಭಾಗ. ಈ ತೂಕದಂತೆ ವೀಸಕ್ಕೆ ಬರುವ ಚಿನ್ನ 0.02 ಗ್ರಾಮಿನಷ್ಟು. ತೂಕವು ಕಾಲದೇಶಗಳಿಗೆ ತಕ್ಕಂತೆ ಬದಲಾಗುತ್ತಿತ್ತೆಂಬುದು ನಿಜ; ಶಾಸನಗಳು 'ಲೊಕ್ಕಿ ಗದ್ಯಾಣ'ವೆಂದು ಲಕ್ಕುಂಡಿಯ ಟಂಕಸಾಲೆಯನ್ನು ಹೆಸರಿಸಿ ಹೇಳುವುದು ಸುಮ್ಮನೆ ಅಲ್ಲ. ಆದರೂ ವೀಸ ಕೈಯಲ್ಲಿ ಹಿಡಿಯುವ ವಸ್ತುವಲ್ಲ, ಲೆಕ್ಕದಲ್ಲಿ ಹಿಡಿಯುವಂಥದು. ಹೇರಿಗೆ ಒಂದು ವೀಸದಂತೆ ದೇವಾಲಯಕ್ಕೆ ಬಿಟ್ಟುಕೊಟ್ಟ ವರ್ತಕರದು ಹದಿನಾರು ಹೇರು ಸಾಗಿದ ಮೇಲೆ ಒಂದು ಹಣವಾಗುತ್ತಿತ್ತು. ಅಲ್ಲಿಯವರೆಗೆ ಒಂದೊಂದು ಹೇರನ್ನೂ ಯಾರೋ ಎಣಿಸಿ ಬರೆದಿಡಬೇಕಾಗಿತ್ತು, ವರ್ಷಗಟ್ಟಲೆ. ತನ್ನ ಮೂರನೆಯ ಅಧ್ಯಾಯದಲ್ಲಿ ಇಂಥ ದತ್ತಿಗಳನ್ನು ಆಕೆ 'ಕ್ಷುಲ್ಲಕ' ಎಂದು ಕರೆದಿದ್ದಳು.

ಮುಂದಿನ ಕೋಣೆಗಳಲ್ಲಿ ಹುಂಡಿಗಳಿದ್ದವು, ಕಾಗದದ ನೋಟುಗಳಿದ್ದವು. ನೋಟಿನ ಹಿಂಬದಿಯ ಹದಿನೈದು ಭಾಷೆಗಳಲ್ಲಿ ನಾಲ್ಕನೆಯದಾದ ಕನ್ನಡವನ್ನು ಕಣ್ಣು ತಾನಾಗಿಯೇ ಹುಡುಕಿತು. ಉಳಿದುದನ್ನು ಆಕೆ ಬೇಗ ನೋಡಿ ಮುಗಿಸಿ ಮತ್ತೆ ಆ ಚಿನ್ನದ ಬಿಲ್ಲೆಯ ಬಳಿಗೆ ಬಂದಳು. ಮಳೆ ಎಂದೋ ನಿಂತಿತ್ತು.

ಸಂಜೆಯ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಾಗ ಹಸ್ತಪ್ರತಿಯನ್ನು ತೆರೆದು ಆ ಪದವನ್ನು ಹೊಡೆದುಹಾಕಿದಳು. ಅದರ ಜಾಗದಲ್ಲಿ ಏನು ಬರೆಯಬೇಕೆಂಬುದು ಅಂಧೇರಿ ದಾಟಿದರೂ ಹೊಳೆಯಲಿಲ್ಲ.