ಇಸ್ಪೀಟೂ ಮಿತಾಕ್ಷರವೂ

ಇಸ್ಪೀಟಿನ ವಿಷಯವಾಗಿ ನಾನು ಲೇಖನ ಬರೆದಿರುವೆನೆಂದರೆ ನನ್ನ ಹಳೆಯ ಶಿಷ್ಯರು ನಂಬಲಾರರು. ೩೪ ವರ್ಷ ಸಂಸ್ಕೃತ ಪಾಠ ಹೇಳಿದವನು ನಾನು. ಹುಡುಗರ ಚೀಲದಲ್ಲಿ ಇಸ್ಪೀಟಿನ ಕಟ್ಟು ಸಿಕ್ಕಿದರೆ ಕಿತ್ತುಕೊಳ್ಳುತ್ತಿದ್ದೆನು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನು ಹೆಂಡತಿಯನ್ನೂ ಮನೆಯ ನೆಮ್ಮದಿಯನ್ನೂ ಕಳೆದುಕೊಂಡು ಪರಿತಪಿಸುವ ಸೂಕ್ತವನ್ನು ಕುರಿತು ಉಪನ್ಯಾಸವನ್ನೂ ಮಾಡುತ್ತಿದ್ದೆನು. ಅಂಥ ನಾನು ನಿವೃತ್ತನಾದ ಮೇಲೆ ಇಸ್ಪೀಟಿನ ಮೇಜಿನ ಬಳಿ ಕುಳಿತು, ಶಾಲೆಯಲ್ಲಿ ಕಲಿಯದೆ ಉಳಿದಿದ್ದ ಒಂದು ಪಾಠವನ್ನು ಕಲಿತೆನು.

ನನ್ನ ಮಗನು ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಪ್ರತಿ ಶುಕ್ರವಾರ ರಾತ್ರಿ ಐದಾರು ಮಂದಿ ಸ್ನೇಹಿತರು ಸೇರಿ ಪೋಕರ್ ಎಂಬ ಆಟವನ್ನು ಆಡುತ್ತಿದ್ದರು. ಅವರಾಡುತ್ತಿದ್ದ ಬಗೆ ಆ ರಾಜ್ಯದ ಹೆಸರಿನದೇ. ಅದು ರಾಬ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿತೆಂದು ಟೆಕ್ಸಸ್ಸಿನ ಶಾಸನಸಭೆ ೨೦೦೭ರಲ್ಲಿ ಮನ್ನಿಸಿದೆ. ಒಬ್ಬನು ೨೦ ಡಾಲರಿಗೆ ಮೀರಿ ಕಳೆಯಕೂಡದೆಂಬುದು ಮನೆಯ ನಿಯಮ. ಮೊದಲನೆಯ ಶುಕ್ರವಾರ ನಾನು ಮುಖ ಗಂಟಿಕ್ಕಿಕೊಂಡು ಪುಸ್ತಕ ಹಿಡಿದು ಮೂಲೆಯಲ್ಲಿ ಕುಳಿತೆನು. ಎರಡನೆಯ ಶುಕ್ರವಾರ ಪುಸ್ತಕ ಮಡಿಲಲ್ಲಿತ್ತು, ಕಿವಿ ಮೇಜಿನ ಮೇಲಿತ್ತು.

ಆಟದ ಕ್ರಮ ಸುಲಭ. ಒಬ್ಬೊಬ್ಬನಿಗೆ ಗುಟ್ಟಾಗಿ ಎರಡೆರಡು ಎಲೆ. ನಡುವೆ ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಮೊದಲು ಮೂರು, ಆಮೇಲೆ ಒಂದು, ಮತ್ತೆ ಒಂದು ಎಂದು ತೆರೆದಿಡುವರು. ಪ್ರತಿಯೊಂದು ಹಂತದಲ್ಲಿಯೂ ಪಣ ಏರಿಸಬಹುದು. ಒಳ್ಳೆಯ ಎಲೆ ಇದ್ದವನೇ ಗೆಲ್ಲಬೇಕೆಂದಿಲ್ಲ; ಕೈಯಲ್ಲಿ ಕಸವಿದ್ದರೂ ದೊಡ್ಡ ಪಣವಿಟ್ಟು ಉಳಿದವರನ್ನು ಹೆದರಿಸಿ ಓಡಿಸಿದರೆ ರಾಶಿ ಅವನದೇ, ಎಲೆ ತೋರಿಸಬೇಕಾದುದೂ ಇಲ್ಲ. ಆದ್ದರಿಂದ ಎದುರಾಳಿಯ ಎಲೆಯನ್ನು ಕಾಣಲಾರದವನು ಎದುರಾಳಿಯನ್ನೇ ಓದಬೇಕು.

ಈ ಓದಿನ ಮೇಲೆ ಆ ದೇಶದಲ್ಲಿ ಗ್ರಂಥಗಳೇ ಇವೆ. ಮೈಕ್ ಕ್ಯಾರೊ ಎಂಬಾತನು ೧೯೮೪ರಲ್ಲಿ ಛಾಯಾಚಿತ್ರಗಳ ಸಮೇತ ಒಂದು ಪುಸ್ತಕ ಬರೆದನು. ಎಲೆ ಬಲವಾಗಿದ್ದವನು ದುರ್ಬಲನಂತೆಯೂ, ದುರ್ಬಲನಾದವನು ಬಲಶಾಲಿಯಂತೆಯೂ ನಟಿಸುವನೆಂಬುದು ಅದರ ಸಾರ. ಜಾಕರಿ ಎಲ್ವುಡ್ ಎಂಬವನು ೨೦೧೪ರಲ್ಲಿ ಕೇವಲ ಮಾತನ್ನೇ ಕುರಿತು ಒಂದು ಪುಸ್ತಕ ಬರೆದಿದ್ದಾನೆ. ಮಗನ ಕಪಾಟಿನಲ್ಲಿ ಎರಡೂ ಇದ್ದುವು. ಓದುತ್ತ ಹೋದ ಹಾಗೆ ನನ್ನ ಕುತೂಹಲ ಬೆಳೆಯಿತು. ದೊಡ್ಡ ಪಣವಿಟ್ಟ ಮೇಲೆ ಸುಳ್ಳುಗಾರನು ಸಾಮಾನ್ಯವಾಗಿ ಮೌನ ಹಿಡಿಯುವನು, ಬಾಯಿ ತೆರೆದರೆ ಎಲ್ಲಿ ಗುಟ್ಟು ಹೊರಬೀಳುವುದೋ ಎಂಬ ಅಂಜಿಕೆ. ಬಲವಾದ ಎಲೆಯವನಿಗೆ ಆ ಅಂಜಿಕೆಯಿಲ್ಲ. ಅವನು ಹಗುರವಾಗಿ ಹಾಸ್ಯ ಮಾಡಬಲ್ಲನು. ಪಣವಿಟ್ಟು, “ನನ್ನ ಕೈಯಲ್ಲಿ ಅಂಥದೇನೂ ಇಲ್ಲ” ಎಂದು ತನ್ನ ಎಲೆಯನ್ನು ತಾನೇ ಹಳಿದುಕೊಳ್ಳುವವನನ್ನು ನಂಬಬಾರದು. ಹೆದರಿಸಲು ಹೊರಟವನು ತನ್ನ ಬಲವನ್ನು ತಾನೇ ಏಕೆ ತಗ್ಗಿಸಿಕೊಂಡಾನು? ನಿಟ್ಟುಸಿರಿಟ್ಟು, “ಆಗಲಿ, ನೋಡೋಣ” ಎನ್ನುತ್ತ ಪಣ ಏರಿಸುವವನ ವಿಷಯದಲ್ಲಿ ಇನ್ನೂ ಎಚ್ಚರವಿರಬೇಕು.

ನೆರೆಮನೆಯ ಅಮೆರಿಕನ್ ಮುದುಕರು ಈ ಸೂತ್ರಗಳಿಗೆ ಉದಾಹರಣೆಯಾಗಿಯೇ ಹುಟ್ಟಿದಂತಿದ್ದರು. ಎಲೆ ಚೆನ್ನಾಗಿದ್ದರೆ ತಮ್ಮ ನಾಯಿಯ ಕಥೆ ಹೇಳುವರು. ಇಲ್ಲವಾದರೆ ನಾಯಿಯ ಹೆಸರು ಕೇಳಿದರೂ ಉತ್ತರವಿಲ್ಲ. ನಾನು ಮೂಲೆಯಲ್ಲಿ ಕುಳಿತೇ ಮನಸ್ಸಿನಲ್ಲಿ ತೀರ್ಪು ಕೊಡುತ್ತಿದ್ದೆನು, ಹತ್ತರಲ್ಲಿ ಏಳೆಂಟು ಸರಿಹೋಗುತ್ತಿದ್ದುವು. ಹುಡುಗರ ಸುಳ್ಳನ್ನು ಹಿಡಿದು ಪಳಗಿದ ಕಿವಿಯಲ್ಲವೇ ಎಂದು ಹಿಗ್ಗಿದೆನು. ನಾಲ್ಕನೆಯ ಶುಕ್ರವಾರ ಮಗನು, “ಅಪ್ಪಾ, ಸುಮ್ಮನೆ ಕುಳಿತಿರುವುದೇಕೆ? ಒಂದು ಕೈ ನೀವೂ ಆಡಿ” ಎಂದನು. ಋಗ್ವೇದದ ಜೂಜುಗಾರನನ್ನು ಮರೆತು ಮೇಜಿಗೆ ಬಂದೆನು.

ನನ್ನ ಕೈಗೆ ಬಂದ ಎರಡೂ ಎಲೆ ಎಕ್ಕ. ಆದರೆ ನಡುವಣ ಐದು ಎಲೆಗಳಲ್ಲಿ ಮೂರು ಆಟೀನು. ಕೊನೆಗೆ ಉಳಿದವರು ನಾನು ಮತ್ತು ರಾಯಚೂರಿನ ಕಡೆಯ ಒಬ್ಬ ತರುಣ. ಅವನು ತನ್ನ ಬಳಿ ಇದ್ದುದೆಲ್ಲವನ್ನೂ ಮುಂದಕ್ಕೆ ನೂಕಿದನು. ಅವನ ಎರಡೂ ಎಲೆ ಆಟೀನಾಗಿದ್ದರೆ ನಾನು ಸೋತಂತೆಯೇ. ನಾನು ಅವನ ಮುಖವನ್ನೇ ನೋಡುತ್ತ, “ಏನಪ್ಪಾ, ನಿಜವಾಗಿಯೂ ಆಟೀನು ಇದೆಯೇನು?” ಎಂದು ಕೇಳಿದೆನು. ಅವನು ಉಗುಳು ನುಂಗಿದನು. “ಅದು... ಸರ್... ಅಂದರೆ...” ಎಂದು ತೊದಲಿ ತಲೆ ತಗ್ಗಿಸಿದನು. ಇನ್ನೇನು ಸಂಶಯ! ನಾನೂ ಎಲ್ಲವನ್ನೂ ಮುಂದಕ್ಕೆ ನೂಕಿದೆನು. ಅವನು ಎಲೆಗಳನ್ನು ತಿರುಗಿಸಿದನು. ಎರಡೂ ಆಟೀನು.

ಎಲ್ಲರೂ ಹೋದ ಮೇಲೆ ಮಗನು ಲೋಟಗಳನ್ನು ತೊಳೆಯುತ್ತ ನಕ್ಕನು. “ಅವನು ನಿಮ್ಮ ಎದುರಿಗೆ ಯಾವಾಗಲೂ ಹಾಗೆಯೇ, ಅಪ್ಪಾ. ನೀವು ಬರುವುದಕ್ಕೆ ಮುಂಚೆ ಅವನ ಬಾಯಿ ಮುಚ್ಚಿಸುವುದೇ ನಮಗೆ ಕೆಲಸವಾಗಿತ್ತು. ಮೇಷ್ಟ್ರೆಂದು ಗೊತ್ತಾದಂದಿನಿಂದ ಹೀಗೆ.”

ಮಗನಿಗೆ ಅದು ವಿನೋದದ ಮಾತು. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

೧೯೯೪ರ ಮಾತು. ನಾನು ಉಪಾಧ್ಯಾಯನಾಗಿ ಮೂರು ವರ್ಷವಾಗಿದ್ದಿತು. ಬೇಲೂರು ಪ್ರವಾಸಕ್ಕೆಂದು ತರಗತಿಯ ಹುಡುಗರಿಂದ ಕೂಡಿಸಿದ್ದ ಹಣ ನನ್ನ ಮೇಜಿನ ಖಾನೆಯಲ್ಲಿ ಕಾಣದಾಯಿತು. ಖಾನೆಯ ಬೀಗದ ಕೈಯನ್ನು ತಂದುಕೊಡುತ್ತಿದ್ದವನು ಒಬ್ಬ ಹುಡುಗ. ಅವನನ್ನು ಕರೆದು, “ಹಣವೆಲ್ಲಿ?” ಎಂದೆನು. ಅವನು ಬೆವತನು, ತುಟಿ ನೆಕ್ಕಿಕೊಂಡನು, ತೊದಲಿದನು. ಬೇರೆ ಸಾಕ್ಷ್ಯ ನನಗೆ ಬೇಕೆನಿಸಲಿಲ್ಲ. ಎರಡು ದಿನ ಅವನನ್ನು ತರಗತಿಯ ಹೊರಗೆ, ಎಲ್ಲರೂ ನೋಡುವಂತೆ ನಿಲ್ಲಿಸಿದೆನು. ಮೂರನೆಯ ದಿನ ರಜೆಯಿಂದ ಮರಳಿದ ಸಹೋದ್ಯೋಗಿಯೊಬ್ಬರು, ಖಾನೆಗೆ ಬೀಗ ಹಾಕಿರಲಿಲ್ಲವಾಗಿ ಹಣವನ್ನು ತಾವೇ ಎತ್ತಿಟ್ಟಿದ್ದುದಾಗಿ ಹೇಳಿ ಅದನ್ನು ನನ್ನ ಕೈಗೆ ಕೊಟ್ಟರು. “ಆ ಹುಡುಗನೇ? ಆಟದ ಬಯಲಿನಲ್ಲಿ ಎಲ್ಲರಿಗಿಂತ ಅವನ ಗಂಟಲೇ ಮೇಲು. ನಿಮ್ಮನ್ನು ಕಂಡರೆ ಮಾತ್ರ ನಡುಗುತ್ತಾನೆ” ಎಂದೂ ಹೇಳಿದರು. ನಾನು ಹೊರಗೆ ಬಂದು ಹುಡುಗನಿಗೆ, “ಹೋಗಿ ಕುಳಿತುಕೋ” ಎಂದೆನು. ಅಷ್ಟೇ. ಶಿಕ್ಷೆ ಎಲ್ಲರೆದುರಿಗೆ ಆಗಿದ್ದಿತು. ತಪ್ಪೊಪ್ಪಿಗೆ ಒಬ್ಬನೆದುರಿಗೂ ಆಗಲಿಲ್ಲ. ಮುಂದಿನ ವರ್ಷ ಅವನು ಬೇರೆ ಶಾಲೆಗೆ ಹೋದನು.

ನನ್ನ ಅಜ್ಞಾನಕ್ಕೆ ನೆಪವೂ ಇಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವನ್ನು ನಾನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆನು. ನ್ಯಾಯಸಭೆಯಲ್ಲಿ ದುಷ್ಟನನ್ನು ಗುರುತಿಸುವ ಲಕ್ಷಣಗಳು ಅಲ್ಲಿವೆ: ನಿಂತಲ್ಲಿ ನಿಲ್ಲದಿರುವುದು, ಕಟವಾಯಿ ನೆಕ್ಕುವುದು, ಹಣೆ ಬೆವರುವುದು, ಮುಖ ಕಂದುವುದು, ಮಾತು ಒಣಗಿ ತಡವರಿಸುವುದು. ಆ ಹುಡುಗನಲ್ಲಿ ಇವೆಲ್ಲ ಇದ್ದುವು. ಆದರೆ ಸ್ಮೃತಿಕಾರನು ಹೇಳುವುದು ಸ್ವಭಾವದಿಂದ ವಿಕಾರ ಹೊಂದಿದವನ ಮಾತನ್ನು. ಸ್ವಭಾವವನ್ನೇ ಅರಿಯದವನಿಗೆ ವಿಕಾರ ತಿಳಿಯುವ ಬಗೆ ಹೇಗೆ? ಎಲ್ವುಡ್ಡನೂ ತನ್ನ ಓದುಗರಿಗೆ ಆಟಗಾರನ ಎಂದಿನ ರೀತಿಯನ್ನು ಮೊದಲು ಅರಿಯಿರಿ ಎಂದೇ ಹೇಳುತ್ತಾನೆ. ಅವನಿಗಿಂತ ಸುಮಾರು ಒಂಬತ್ತು ನೂರು ವರ್ಷ ಹಿಂದೆ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಕುಳಿತು ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾನೆ. ಈ ಲಕ್ಷಣಗಳಿಂದ ದೋಷದ ಸಂಭಾವನೆ ಮಾತ್ರವೇ ಹೊರತು ನಿಶ್ಚಯವಿಲ್ಲ. ಸಹಜವಾದುದಾವುದು, ನಿಮಿತ್ತದಿಂದ ಬಂದುದಾವುದು ಎಂದು ವಿಂಗಡಿಸುವುದು ಕಷ್ಟ ಎಂಬುದು ಅವನ ಅಭಿಪ್ರಾಯ. ಇದನ್ನು ನಾನು ಓದಿ ಪರೀಕ್ಷೆಯಲ್ಲಿ ಬರೆದಿದ್ದೆನು. ಆ ತೊದಲಿಗೆ ನಿಮಿತ್ತ ನಾನೇ ಎಂಬುದು ಮಾತ್ರ ಹೊಳೆದಿರಲಿಲ್ಲ.

ಇಸ್ಪೀಟಿನಲ್ಲಿ ತಪ್ಪು ಓದಿದವನು ತನ್ನ ೨೦ ಡಾಲರು ಕಳೆದುಕೊಳ್ಳುತ್ತಾನೆ, ಅದು ನ್ಯಾಯ. ಶಾಲೆಯಲ್ಲಿ, ಮನೆಯಲ್ಲಿ ತಪ್ಪು ಓದಿದರೆ ಕಳೆದುಕೊಳ್ಳುವವನು ಎದುರಿಗೆ ನಿಂತವನು. ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳುವ ತಾಯಿತಂದೆಗಳು ಇದನ್ನು ನೆನೆಯಬೇಕೆಂದು ನನ್ನ ಪ್ರಾರ್ಥನೆ.

ಮುಂದಿನ ಶುಕ್ರವಾರ ನಾನು ನನ್ನ ಕುರ್ಚಿಯನ್ನು ಪಕ್ಕದ ಕೋಣೆಗೆ ಒಯ್ದೆನು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ರಾಯಚೂರಿನ ತರುಣನ ಗಂಟಲು ಗೋಡೆಯಾಚೆಯಿಂದ ಕೇಳಿಬಂದಿತು: ತುಂಬಿದ, ನಿರ್ಭಯವಾದ, ನಗುನಗುತ್ತ ಎಲ್ಲರನ್ನೂ ಮೂದಲಿಸುವ ಗಂಟಲು. ಅದು ಅವನ ಸಹಜ ಸ್ವರ. ಆ ಇನ್ನೊಬ್ಬ ಹುಡುಗನ ಸಹಜ ಸ್ವರ ಹೇಗಿದ್ದಿತೆಂಬುದು ನನಗೆ ಈವರೆಗೂ ತಿಳಿಯದು.